ದಾಟದ ಡೇರೆ

ನಮ್ಮ ಊರಿನಲ್ಲಿ ಹೊಳೆ ದಾಟುವುದೆಂದರೆ ನಿದ್ದೆ ಮಾಡುವುದು. ದಂಡೆಯ ಮೇಲೆ ಡೇರೆ ಹೊಡೆದು ರಾತ್ರಿ ಮಲಗಿದರೆ ಬೆಳಗ್ಗೆ ಡೇರೆ, ಹಾಸಿಗೆ, ಗಂಟುಮೂಟೆ ಸಮೇತ ಆಚೆ ದಂಡೆಯಲ್ಲಿ ಏಳುತ್ತೇವೆ. ಆಚೆಯವರು ಈಚೆ ಬರುವುದೂ ಹಾಗೆಯೇ. ಡೇರೆಯೊಳಗಿನ ಜೀವವೆಲ್ಲ ನಿದ್ದೆ ಹೋಗಿರಬೇಕು, ಅಷ್ಟೇ ಕರಾರು. ಒಳಗೆ ಒಬ್ಬರು ಎಚ್ಚರವಿದ್ದರೂ ಡೇರೆ ಕದಲುವುದಿಲ್ಲ. ಹಿಂದೊಮ್ಮೆ ಯಾರೋ ಸೇತುವೆ ಕಟ್ಟಲು ಬಂದಿದ್ದರು. ಕೂಲಿಯವರು ದಂಡೆಯಲ್ಲೇ ಡೇರೆ ಹಾಕಿಕೊಂಡಿದ್ದರು. ದಿನ ಬೆಳಗಾದರೆ ಅರ್ಧ ಜನ ಆಚೆ, ಅರ್ಧ ಜನ ಈಚೆ. ಸಿಮೆಂಟು ಒಂದು ಕಡೆ, ಕಲಸುವವರು ಇನ್ನೊಂದು ಕಡೆ. ಎರಡು ಕಂಬ ಎಬ್ಬಿಸುವಷ್ಟರಲ್ಲಿ ಸಾಕುಬೇಕಾಗಿ ಕೈಮುಗಿದು ಹೋದರು. ಆ ಕಂಬಗಳ ಮೇಲೆ ಈಗ ನೀರುಕಾಗೆಗಳು ರೆಕ್ಕೆ ಒಣಗಿಸುತ್ತವೆ.

ನಿದ್ದೆ ಬಾರದವರಿಗೆ ದಂಡೆದಾರಿ ಇದೆ. ಹೊಳೆಯ ಗುಂಟ ಹೋಗುವ ಕಾಲುದಾರಿ ಅದು, ಸೈಕಲ್ಲೂ ಓಡುತ್ತದೆ. ಆ ದಾರಿ ಹಿಡಿದು ಮೇಲಕ್ಕೆ ಹೋದರೆ ನೀರು ಮೊಣಕಾಲುದ್ದ ಇರುವ ಬಂಡೆಗಲ್ಲಿನ ಜಾಗ ಸಿಗುತ್ತದೆ, ಅಲ್ಲಿ ನಡೆದೇ ದಾಟಬಹುದು. ಆದರೆ ಹೋಗಿ ಸೇರುವಷ್ಟರಲ್ಲಿ ಮನೆಯ ಉಪ್ಪಿನಕಾಯಿ ಬೂಸ್ಟು ಹಿಡಿದಿರುತ್ತದೆ, ಅಷ್ಟು ದೂರ. ಹಲ್ಲುನೋವಿನವರು, ಪರೀಕ್ಷೆಗೆ ಓದುವವರು, ಬಸುರಿಯರು, ಹೊಸದಾಗಿ ಪ್ರೀತಿಯಲ್ಲಿ ಬಿದ್ದವರು, ಹೊಲದ ವ್ಯಾಜ್ಯ ಇಟ್ಟುಕೊಂಡವರು ಎಲ್ಲರೂ ಆ ದಾರಿಯಲ್ಲೇ ಹೋಗಬೇಕು. ಪರಊರಿನ ಹುಡುಗರು ಹುಡುಗಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಮೋಜಿಗಾಗಿ ಆ ದಾರಿ ಹಿಡಿದು ಬರುತ್ತಾರೆ. ಅವರು ಸೈಕಲ್ಲನ್ನು ಹೊರಗೆ ಗಿಡಕ್ಕೆ ಕಟ್ಟಿ ಡೇರೆಯಲ್ಲಿ ಮಲಗಿ, ಬೆಳಗ್ಗೆ ಆಚೆ ದಂಡೆಯಲ್ಲಿ ಎದ್ದು, ನನ್ನ ಸೈಕಲ್ ಎಲ್ಲಿ ಅಂತ ಬಾಯಿ ಬಾಯಿ ಬಡಿದುಕೊಳ್ಳುವುದು ನಮಗೆ ನಿತ್ಯದ ತಮಾಷೆ. ನನ್ನ ಗಂಡ ಅಡಿವೆಪ್ಪ ದಂಡೆದಾರಿಯ ಬಾಯಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಾರೆ. ಪಂಕ್ಚರ್ ಹಾಕುತ್ತಲೇ ಎಲ್ಲರಿಗೂ ಬುದ್ಧಿ ಹೇಳುತ್ತಾರೆ, "ಸೈಕಲ್ ಮಗ್ಗಲಾಗ ಹಾಕ್ಕೊಂಡು ಮಕ್ಕೋರಿ." ಒಬ್ಬರೂ ಕೇಳುವುದಿಲ್ಲ.

ಡೇರೆ ಬಾಡಿಗೆಗೆ ಕೊಡುವವಳು ಫಕೀರವ್ವ. ಎತ್ತರದ ಹೆಂಗಸು, ಜೋರು ಬಾಯಿ. ಡೇರೆ ಕೊಡುವ ಮೊದಲು ಎದುರಿಗೆ ನಿಂತವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾಳೆ, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಅವಳ ಗುಡಿಸಲಿನ ತೊಲೆಗೆ ಒಂದು ತಗಡಿನ ಸಕ್ಕರೆ ಡಬ್ಬಿ ತೂಗುಬಿದ್ದಿದೆ. ಅದರ ಉಪಯೋಗ ಏನೆಂದು ಹೊಸದಾಗಿ ಮದುವೆಯಾದವರನ್ನು ಕೇಳಬೇಕು, ಮುಖ ಕೆಂಪಗೆ ಮಾಡಿಕೊಂಡು ಹೇಳುತ್ತಾರೆ. ನಾನು ಮದುವೆಯಾದ ಹೊಸದರಲ್ಲಿ ಆ ಡಬ್ಬಿಯನ್ನು ಬಹಳ ಸಲ ಕದ್ದು ನೋಡಿದ್ದೆ. ಆಮೇಲೆ ನೋಡುವುದನ್ನು ಬಿಟ್ಟೆ.

ನಮಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಅಂತ ಒಂದು ಮಾತಿನಲ್ಲಿ ಹೇಳುವುದು ಸುಲಭ, ಅದರೊಳಗೆ ಎಷ್ಟು ಅತ್ತಿದ್ದೇನೆ ಎಂಬುದನ್ನು ನಾನೇ ಮರೆತಿದ್ದೇನೆ. ತಲೆ ಅರ್ಧ ನೆರೆಯಿತು. ಈ ವರ್ಷ ನನ್ನ ಮೈಯೇ ಇನ್ನು ಸಾಕು ಅಂದುಬಿಟ್ಟಿತು. ಅದೇ ಹೊತ್ತಿಗೆ ಆಚೆ ದಂಡೆಯಲ್ಲಿ ಅಡಿವೆಪ್ಪನವರ ಚಿಕ್ಕಪ್ಪನ ಮಗಳು ಜ್ವರದಲ್ಲಿ ತೀರಿಕೊಂಡಳು. ಅವಳ ಗಂಡ ಮೊದಲೇ ತೀರಿಹೋಗಿದ್ದ. ಉಳಿದದ್ದು ಐದು ವರ್ಷದ ಸಾವಂತ್ರಿ. ಮಗುವನ್ನು ಇಟ್ಟುಕೊಂಡಿದ್ದ ಮನೆತನದ ಹಿರಿಯ ಬಾಳಪ್ಪಜ್ಜ ಹೇಳಿಕಳಿಸಿದ: ಗಂಡಹೆಂಡತಿ ಇಬ್ಬರೂ ಹುಣ್ಣಿಮೆಯೊಳಗೆ ಬಂದರೆ ಕೂಸು ನಿಮ್ಮದು. ಇಲ್ಲದಿದ್ದರೆ ಹಿಟ್ಟಿನ ಗಿರಣಿಯವರು ಕೇಳುತ್ತಿದ್ದಾರೆ, ಅವರಿಗೆ ಕೊಡುತ್ತೇನೆ. ತಾಯಿ ಆಗುವವಳೇ ಬಂದು ಎತ್ತಿಕೊಳ್ಳಬೇಕು. ಇನ್ನೊಂದು ಮಾತು, ತಾಯಿ ಸತ್ತಾಗಿನಿಂದ ಕೂಸು ನೆಟ್ಟಗೆ ನಿದ್ದೆ ಮಾಡುವುದಿಲ್ಲ, ಮೊದಲೇ ಹೇಳಿದ್ದೇನೆ.

ಅಡಿವೆಪ್ಪನವರು ಆ ದಿನವೇ ಅಂಗಡಿಯ ಹಳೆ ಸಾಮಾನಿನಿಂದ ಒಂದು ಪುಟ್ಟ ಸೈಕಲ್ ಜೋಡಿಸಲು ಕೂತರು. ನಾನು ಕೆಂಪು ಬಟ್ಟೆ ತಂದು ಫ್ರಾಕು ಹೊಲಿದೆ. ಹೊಲಿಯುತ್ತಾ ಒಮ್ಮೆ ಬಾಯಿ ಜಾರಿ ಅಂದೆ, "ರೀ, ಇನ್ನೊಬ್ಬರ ಕೂಸು ನನ್ನ ಹಚ್ಚಿಕೊಂಡೀತೇನ್ರಿ? ನನಗರೆ ಅದನ್ನ ಹಚ್ಚಿಕೊಳ್ಳಾಕ ಬರತೈತೋ ಇಲ್ಲೋ." ಅವರು ಪುಟ್ಟ ಸೈಕಲ್ಲಿನ ಚಕ್ರ ಬಿಗಿಯುತ್ತಲೇ ಇದ್ದರು. ಆ ಮಾತನ್ನು ಎಲ್ಲಿಟ್ಟುಕೊಂಡರು ಎಂಬುದು ಆಮೇಲೆ ತಿಳಿಯಿತು.

ಫಕೀರವ್ವ ನಮ್ಮಿಬ್ಬರ ಕಣ್ಣು ನೋಡಿ, "ಇವರು ಗಿರಾಕಿಗಳು! ಡೇರೆದಾಗ ಕಾಲಿಡೂದರೊಳಗ ಮಕ್ಕೋತಾರ" ಅಂತ ನಕ್ಕು ಒಳ್ಳೆಯ ಡೇರೆಯನ್ನೇ ಕೊಟ್ಟಳು. ಬುತ್ತಿ ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಫ್ರಾಕನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದೆ. ಎಂಥ ನಿದ್ದೆ ಅಂತೀರಿ, ಕನಸು ಕೂಡ ಬೀಳದಂಥ ನಿದ್ದೆ. ಬೆಳಗ್ಗೆ ಸಡಗರದಿಂದ ಡೇರೆಯ ಬಾಗಿಲ ಬಟ್ಟೆ ಸರಿಸಿದರೆ ಎದುರಿಗೆ ಫಕೀರವ್ವ ಹಲ್ಲುಜ್ಜುತ್ತಾ ನಿಂತಿದ್ದಾಳೆ. ನಮ್ಮದೇ ದಂಡೆ. ನಮ್ಮದೇ ಹುಣಸೆಮರ.

"ನೀವು ಎಚ್ಚರ ಇದ್ರೇನ್ರಿ?" ಅಂದೆ.

"ನಾ ಎಲ್ಲಿ? ಕಣ್ಣು ಮುಚ್ಚಿದ್ದಷ್ಟ ಗೊತ್ತು. ನೀ?"

"ನಾನೂ ಅಷ್ಟ."

ಫಕೀರವ್ವ ಬಾಯಿ ಮುಕ್ಕಳಿಸಿ ಬಂದು ನಮ್ಮ ಗಂಟುಮೂಟೆಯನ್ನೆಲ್ಲ ಬಿಚ್ಚಿಸಿದಳು. ಇಂಥದ್ದು ಹೊಸದೇನಲ್ಲ. ಹಿಂದೆ ಒಬ್ಬರ ಡೇರೆ ಬುಟ್ಟಿಯೊಳಗಿನ ಕೋಳಿಯಿಂದಾಗಿ ನಿಂತಿತ್ತು, ಇನ್ನೊಬ್ಬರದು ಜೇಬಿನಲ್ಲಿದ್ದ ಜೀರುಂಡೆಯಿಂದ. ಕೊಡವಿದಾಗ ನಮ್ಮ ಕಂಬಳಿಯ ಮಡಿಕೆಯಿಂದ ಒಂದು ಮಿಡತೆ ಟಣ್ಣನೆ ಹಾರಿತು. "ಇದ ನೋಡ್ರಿ ಕಳ್ಳ!" ಅಂದಳು. ಮೂವರೂ ನಕ್ಕೆವು. ಆ ದಿನ ಅಡಿವೆಪ್ಪನವರು ಅಂಗಡಿ ತೆಗೆದರು, ನಾನು ಫ್ರಾಕಿಗೆ ಇನ್ನೆರಡು ಗುಂಡಿ ಹಚ್ಚಿದೆ.

ಮರುದಿನವೂ ಕಣ್ಣು ಬಿಟ್ಟರೆ ಹುಣಸೆಮರ. ಈ ಸಲ ಯಾರೂ ನಗಲಿಲ್ಲ. ಅಡಿವೆಪ್ಪನವರು ನನ್ನ ಮುಖ ನೋಡದೆ ಹಾಸಿಗೆ ಸುತ್ತಿದರು. ಹುಣ್ಣಿಮೆ ಹತ್ತಿರ ಬಂದಿತ್ತು. ದಂಡೆದಾರಿಯಲ್ಲಿ ಸೈಕಲ್ ತುಳಿದು ಹೋದರೂ ಹುಣ್ಣಿಮೆಯೊಳಗೆ ಮುಟ್ಟುವಂತಿರಲಿಲ್ಲ.

"ಖರೇ ಹೇಳು ಕಸ್ತೂರಿ," ಅಂದರು ಕೊನೆಗೆ, "ನಿನಗ ಆ ಕೂಸು ಬ್ಯಾಡೇನು?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. "ಏನ್ರಿ ಹಂಗಂದ್ರ? ನಾ ನಿದ್ದಿ ಮಾಡೇನಿ. ದೇವರಾಣಿ."

"ನಾನೂ ಮಾಡೇನಿ. ಹಂಗಾದ್ರ ಎಚ್ಚರ ಇದ್ದೋರು ಯಾರು? ನೀನ ಅಂದಿದ್ದಿ, ಹಚ್ಚಿಕೊಳ್ಳಾಕ ಬರತೈತೋ ಇಲ್ಲೋ ಅಂತ."

"ಅಂದಿದ್ದೆ. ಅದು ಅಂಜಿಕಿ. ಒಲ್ಲೆ ಅನ್ನೂದು ಬ್ಯಾರೆ, ಅಂಜೂದು ಬ್ಯಾರೆ."

"ಅಂಜಿಕಿ ಇದ್ದೋರಿಗೆ ನಿದ್ದಿ ಹೆಂಗ ಬರತೈತಿ?" ಅಂದರು. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಮನುಷ್ಯ ನನ್ನ ನಿದ್ದೆಯನ್ನೇ ನಂಬುತ್ತಿಲ್ಲ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕಳ್ಳಿ ಅಂದರೆ ಜಗಳಾಡಿ ಮರೆಯುತ್ತಾರೆ, ಕಣ್ಣು ಮುಚ್ಚಿ ಸುಳ್ಳುನಿದ್ದೆ ಮಾಡುತ್ತಾಳೆ ಅಂದರೆ ಮನೆ ಒಡೆಯುತ್ತದೆ.

ಆ ಸಂಜೆ ಅವರು ಫಕೀರವ್ವನಿಂದ ಇನ್ನೊಂದು ಡೇರೆ ಇಸಿದುಕೊಂಡು ನನ್ನದರ ಪಕ್ಕದಲ್ಲೇ ಹೊಡೆದರು. ಬೇರೆ ಬೇರೆ ಮಲಗಿದರೆ ಗುಟ್ಟು ಬಯಲಾಗುತ್ತದಲ್ಲ. ನನಗೂ ಅದೇ ಬೇಕಿತ್ತು. ಅವರೇ ಎಚ್ಚರವಿದ್ದಾರು, ಪಾಪ, ಒಪ್ಪಿಕೊಳ್ಳಲು ನಾಚಿಕೆ, ಬೆಳಗ್ಗೆ ನಾನು ಆಚೆ ಹೋಗಿ ಕೂಸನ್ನು ಎತ್ತಿಕೊಂಡು ಅವರಿಗೆ ಕೈ ಬೀಸುತ್ತೇನೆ ಅಂತ ಅಂದುಕೊಂಡು ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗೆ ಪಕ್ಕದ ಡೇರೆ ಇರಲಿಲ್ಲ. ಒತ್ತಿದ ಹುಲ್ಲು, ನಾಲ್ಕು ಗೂಟದ ತೂತು, ಅಷ್ಟೇ. ನಾನು ಅಲ್ಲೇ ಇದ್ದೆ. ಗರ ಬಡಿದವಳ ಹಾಗೆ ಆ ತೂತುಗಳನ್ನೇ ನೋಡುತ್ತಾ ನಿಂತೆ. ನಾನು ಮಲಗಿದ್ದೆ, ನನಗೆ ಗೊತ್ತು. ಆದರೆ ಡೇರೆ ಸುಳ್ಳು ಹೇಳುವುದಿಲ್ಲ ಎಂಬುದೂ ನನಗೆ ಗೊತ್ತು, ಹುಟ್ಟಿದಾಗಿನಿಂದ ಗೊತ್ತು. ಹಾಗಾದರೆ ನನಗೆ ತಿಳಿಯದಂತೆ ನನ್ನೊಳಗೆ ಯಾವುದೋ ಒಂದು ಕೆಟ್ಟ ಮನಸ್ಸು ಕೂತು ರಾತ್ರಿಯಿಡೀ ಬೇಡ ಬೇಡ ಅನ್ನುತ್ತಿದೆಯೇ? ಅದು ನನ್ನ ಕಣ್ಣಿನ ಹಿಂದೆ ಎಚ್ಚರವಿರುತ್ತದೆಯೇ? ಇಂಥ ದಿಗಿಲು ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ನೀರಿಗೆ ಬಂದವರು ನನ್ನ ಡೇರೆ ನೋಡಿ ಸುಮ್ಮನೆ ಕೊಡ ತುಂಬಿಕೊಂಡು ಹೋದರು. ಮಾತಾಡಿಸಿದ್ದರೆ ಚೆನ್ನಾಗಿತ್ತು. ಒಬ್ಬಳು ಮಾತ್ರ, ನನ್ನ ಕಿವಿಗೆ ಬೀಳಲಿ ಅಂತಲೇ, "ಹೆತ್ತಿದ್ರ ತಿಳೀತಿತ್ತು" ಅಂದಳು. ಫಕೀರವ್ವ ಅವಳ ಕೊಡ ಕಸಿದು ನೀರು ಚೆಲ್ಲಿ ಕೈಗೆ ಕೊಟ್ಟು ಕಳಿಸಿದಳು. ಆದರೆ ನನ್ನ ಕಡೆ ತಿರುಗಿದಾಗ ಅವಳ ಕಣ್ಣಿನಲ್ಲೂ ಸಂಶಯವಿತ್ತು.

"ತಂಗಿ, ನನ್ನ ಮುಂದ ಹೇಳು. ಮನಸಿನಾಗ ಏನಾರ ಐತೇನು?"

"ಅಕ್ಕಾ, ಈ ರಾತ್ರಿ ನೀನ ನನ್ನ ಡೇರೆ ಬಾಗಿಲಿಗೆ ಕೂತು ಕಾಯಿ. ನಾ ಎಚ್ಚರ ಇದ್ದದ್ದು ಕಂಡ್ರ ಹೊಳಿಗೆ ನೂಕು."

ಅವಳು ಹೊರಗೆ ಕೂತು ಕಾದಳು. ಬೆಳಗ್ಗೆ ನಾನೆದ್ದಾಗ ಡೇರೆ ಇದ್ದಲ್ಲೇ ಇತ್ತು. ಫಕೀರವ್ವ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದಳು, ಮುಖ ಬಿಳಿಚಿಹೋಗಿತ್ತು.

"ಗೊರಕಿ ಹೊಡದಿ," ಅಂದಳು. ದನಿ ತಗ್ಗಿತ್ತು. "ನಾ ಹೊರಗಿಂದನ ಕೈ ಚಾಚಿ ಚೂಟಿ ನೋಡಿದೆ, ಏಳಲಿಲ್ಲ. ನೀ ಸತ್ತೋರಂಗ ಮಕ್ಕೊಂಡಿದ್ದಿ, ಡೇರೆ ಮಾತ್ರ ಅಳ್ಳಾಡಲಿಲ್ಲ. ನನ್ನ ಕೈಯಾಗ ಇಂಥಾದ್ದು ಆಗಿಲ್ಲವ್ವಾ. ಒಳಗ ಯಾರ ಅದಾರ?"

ಅದೇ ಹೊತ್ತಿಗೆ ಆಚೆಯಿಂದ ನಿದ್ದೆಯಲ್ಲಿ ದಾಟಿ ಬಂದ ಸೈಕಲ್ಲಿನ ಹುಡುಗಿಯೊಬ್ಬಳು ಸುದ್ದಿ ತಂದಳು. ಅಡಿವೆಪ್ಪನವರು ಬಾಳಪ್ಪಜ್ಜನ ಕಟ್ಟೆಯ ಮೇಲೆ ಕೂತಿದ್ದಾರೆ. ಅಜ್ಜ ಹೇಳುವುದು ಒಂದೇ ಮಾತು, ಹೆಂಗಸು ಬಾರದೆ ಕೂಸು ಇಲ್ಲ, ನಾಳೆ ಗಿರಣಿಯವರು ಬರುತ್ತಾರೆ. ಆ ಕೂಸು ಅಡಿವೆಪ್ಪನವರ ಎದುರು ಕೂತು ಅವರನ್ನೇ ನೋಡುತ್ತಿದೆಯಂತೆ.

ನಾನು ಡೇರೆಯೊಳಗೆ ಕುಸಿದು ಕೂತೆ. ಫಕೀರವ್ವ ಚಹಾ ತಂದು ಕೈಗಿಟ್ಟಳು. ಒಂದು ಗುಟುಕು ಕುಡಿದಿರಬೇಕು. ಹೊಟ್ಟೆಯ ಕೆಳಗೆ, ಎಡಗಡೆ, ಏನೋ ಗುಳುಕ್ ಅಂದಿತು. ಹಿಂದಿನ ಸಂಜೆ ತಿಂದ ಮೆಣಸಿನಕಾಯಿ ಬಜಿ ಅಂದುಕೊಂಡೆ. ಇನ್ನೊಂದು ಗುಟುಕು ಕುಡಿದೆ. ಮತ್ತೆ ಗುಳುಕ್. ಈ ಸಲ ಅದು ಬಜಿಯ ಕೆಲಸ ಅಲ್ಲ. ಒಳಗೆ ಯಾರೋ ಮಗ್ಗಲು ಬದಲಿಸಿದರು.

ಚಹಾದ ಕಪ್ಪು ಕೈಯಿಂದ ಬಿತ್ತು. ಫಕೀರವ್ವನ ಕೈ ಹಿಡಿದೆಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಅವಳು "ಏನಾತ, ಏನಾತ" ಅನ್ನುತ್ತಿದ್ದವಳು ಕಾದ ಹಂಚು ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಇಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಮುಟ್ಟು ನಿಂತು ಎಷ್ಟು ತಿಂಗಳಾತು?"

"ಯುಗಾದಿ ಮುಂದ ನಿಂತದ್ದು. ವಯಸ್ಸಾತು ಅಂತ... ಅದಕ್ಕಲ್ಲೇನು ಸಾವಂತ್ರಿನ ತರೂಣು ಅಂದದ್ದು..."

"ವಯಸ್ಸಾತಂತ, ವಯಸ್ಸು!" ಫಕೀರವ್ವ ಎರಡೂ ಕೈಯಿಂದ ತಲೆ ಚಚ್ಚಿಕೊಂಡಳು. "ಏನು ಕಣ್ಣ ನನ್ನವು! ನಿನ್ನ ಬಿಳಿಗೂದಲಾ ನೋಡಿ ಮಿಡತಿ ಹುಡುಕಿದೆನಲ್ಲವ್ವಾ!"

ಡಬ್ಬಿಯ ವಿಷಯ ಈಗ ಹೇಳಬೇಕು. ಹೊಸ ಮದುಮಗಳ ಡೇರೆ ನಿಂತಲ್ಲೇ ನಿಂತರೆ ನಮ್ಮಲ್ಲಿ ಯಾರೂ ಗಂಟು ಬಿಚ್ಚಿಸಿ ಮಿಡತೆ ಹುಡುಕುವುದಿಲ್ಲ. ಹೊಟ್ಟೆಯೊಳಗಿನ ಜೀವ ಮಿಸುಕಾಡಲು ಶುರುವಾದ ಮೇಲೆ ತಾಯಿ ಮಲಗಿದಾಗ ಅದು ಏಳುತ್ತದೆ, ಇದು ಎಲ್ಲರಿಗೂ ಗೊತ್ತು. ಫಕೀರವ್ವ ತೊಲೆಯಿಂದ ಡಬ್ಬಿ ಇಳಿಸಿ, ದಂಡೆಗೆ ಬಂದು, ಸೌಟಿನಿಂದ ಬಡಿಯುತ್ತಾಳೆ. ಹೊಳೆಯ ಮೇಲೆ ಆ ಸದ್ದು ಬಹಳ ದೂರ ಹೋಗುತ್ತದೆ. ಆಚೆ ದಂಡೆಯಲ್ಲಿ ಸೊಸೆಗಾಗಿ ಕಾದು ಕೂತವರು ಅದನ್ನು ಕೇಳಿ, ಹುಡುಗಿ ಬಾರದ ಕಾರಣ ತಿಳಿದು, ಬಾಯಿ ಸಿಹಿ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಇಡೀ ಊರಿಗೆ ಗೊತ್ತಿರುವ ಈ ಸಂಗತಿ ನನ್ನ ವಿಷಯದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೇ ಹೊಳೆಯಲಿಲ್ಲ ಅಂದಮೇಲೆ ಊರನ್ನು ಯಾಕೆ ಅನ್ನಲಿ?

ಫಕೀರವ್ವ ಬಡಿದಳು. ಹಾಗೆ ಬಡಿದದ್ದನ್ನು ನಾನು ಕೇಳಿಲ್ಲ. ಸೌಟಿನ ಹಿಡಿಕೆ ಬಾಗಿತು. ನೀರಿಗೆ ಬಂದವರು ಕೊಡ ಬಿಟ್ಟು ಓಡಿಬಂದರು, ಯಾರದು ಯಾರದು ಅನ್ನುತ್ತಾ. ಸೈಕಲ್ಲಿನ ಹುಡುಗಿ ಆಗಲೇ ಡೇರೆ ಮಡಚಿ ಹೋಗಿದ್ದಳು, ದಂಡೆಯ ಮೇಲೆ ಇದ್ದದ್ದು ನನ್ನದೊಂದೇ ಡೇರೆ. ಕಣ್ಣು ಡೇರೆಯ ಮೇಲೆ ಬಿದ್ದವರು ಅಲ್ಲೇ ನಿಂತುಬಿಟ್ಟರು. ಹಿಂದಿನ ದಿನ ಚುಚ್ಚಿ ಮಾತಾಡಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಚೆ ದಂಡೆಯಲ್ಲಿ ಚುಕ್ಕಿಗಳಂತೆ ಜನ ಸೇರುವುದು ಕಂಡಿತು. ಅದರಲ್ಲಿ ಒಂದು ಚುಕ್ಕಿ ನೀರಿನವರೆಗೆ ಓಡಿಬಂದು ಮರಳಿನ ಮೇಲೆ ಕೂತುಬಿಟ್ಟಿತು. ಅದು ಅಡಿವೆಪ್ಪನವರೇ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆಗ ನನಗೆ ಅಳು ಬಂತು.

ಅಳು ನಿಂತ ಮೇಲೆ ಹೊಸ ಹೆದರಿಕೆ ಹುಟ್ಟಿತು. ಫಕೀರವ್ವನೇ ಅದನ್ನು ಬಾಯಿಬಿಟ್ಟು ಹೇಳಿದಳು. "ಇನ್ನ ನಿಂದ ನಿನಗ ಆತಲ್ಲ. ಆ ಕೂಸಿನ್ನ ಗಿರಣಿಯವರಿಗೇ ಕೊಡ್ತಾನ ಮುದುಕ. ನಿನ್ನ ಗಂಡನೂ ಬಿಟ್ಟು ಬಂದಾನು. ತಪ್ಪೇನೈತಿ?"

ಬಾಳಪ್ಪಜ್ಜ ಹಾಗೆಯೇ ಯೋಚಿಸುತ್ತಾನೆ. ಊರೆಲ್ಲ ಹಾಗೆಯೇ ಯೋಚಿಸುತ್ತದೆ. ಎರಡು ದಿನದ ಹಿಂದೆ, ನನ್ನ ಅಂಜಿಕೆಯಲ್ಲಿ, ನಾನೂ ಹಾಗೆ ಯೋಚಿಸುತ್ತಿದ್ದೆನೇನೋ. ಆದರೆ ನನ್ನ ಗಂಡನ ಎದುರು ಕೂತು ಅವರ ಮುಖವನ್ನೇ ನೋಡುತ್ತಿರುವ ಆ ಕೂಸು ನನ್ನ ಕಣ್ಣಿಗೆ ಕಟ್ಟಿತ್ತು. ಈಗ ಆ ಡಬ್ಬಿಯ ಸದ್ದನ್ನು ಅದೂ ಕೇಳಿರುತ್ತದೆ. ಅರ್ಥ ಯಾರಾದರೂ ಹೇಳಿರುತ್ತಾರೆ. ನನ್ನ ಹೊಟ್ಟೆಯ ಸುದ್ದಿಯಿಂದ ಆ ಕೂಸಿನ ಮನೆ ಹೋಗಬೇಕೇ ಅಂತ ಸಿಟ್ಟೇ ಬಂತು.

ತಲೆದಿಂಬಿನ ಕೆಳಗಿನಿಂದ ಫ್ರಾಕು ತೆಗೆದೆ. ಉದ್ದನೆಯ ಬಿದಿರಿಗೆ ಎರಡೂ ತೋಳು ಬಿಗಿದು ಡೇರೆಯ ಮುಂದೆ ನೆಟ್ಟೆ. ಗಾಳಿ ತುಂಬಿಕೊಂಡು ಆ ಕೆಂಪು ಫ್ರಾಕು ಒಳಗೆ ಮಗು ಇರುವ ಹಾಗೆ ಉಬ್ಬಿತು. ಆ ಬಟ್ಟೆ ತಂದದ್ದು ಯಾರಿಗಾಗಿ ಅಂತ ಆಚೆಯ ದಂಡೆಯಲ್ಲಿ ಒಬ್ಬರಿಗಾದರೂ ಗೊತ್ತು. ಸಂಜೆಯವರೆಗೆ ಅದರ ಬುಡದಲ್ಲೇ ಕೂತೆ. ಚುಕ್ಕಿಗಳು ಒಂದೊಂದಾಗಿ ಮನೆಗೆ ಹೋದವು. ಒಂದು ಚುಕ್ಕಿ ಬಹಳ ಹೊತ್ತು ನಿಂತು ಇತ್ತ ನೋಡುತ್ತಿತ್ತು.

"ತಂದರೂ ದಾಟಬೇಕಲ್ಲ," ಅಂದಳು ಫಕೀರವ್ವ, ನನ್ನ ಮಗ್ಗುಲಿಗೆ ಕೂತು. "ನಿದ್ದಿ ಮಾಡದ ಕೂಸು ಅಂತಾರ. ಗುರ್ತಿಲ್ಲದ ಗಂಡಸಿನ ಡೇರೆದಾಗ ಹೆಂಗ ಮಕ್ಕೊಂಡೀತು?"

ಆ ರಾತ್ರಿ ಮಾತ್ರ ನಾನು ನಿಜವಾಗಿ ನಿದ್ದೆ ಮಾಡಲಿಲ್ಲ. ಬೆಳಕು ಹರಿದಾಗ ಹೊರಗೆ ನೋಡಲು ಧೈರ್ಯವಾಗದೆ ಕೂತಿದ್ದೆ. ಗೊರಕೆ ಕೇಳಿಸಿತು. ಅಡಿವೆಪ್ಪನವರದೇ, ಹಳೆ ಪಂಪಿನಿಂದ ಗಾಳಿ ಹೊಡೆದಂಥ ಸದ್ದು, ಅದನ್ನು ನಾನು ಸಂತೆಯಲ್ಲೂ ಗುರುತಿಸುತ್ತೇನೆ. ತೆವಳಿಕೊಂಡೇ ಹೊರಗೆ ಬಂದೆ. ನಾಲ್ಕು ತೂತಿದ್ದ ಜಾಗದಲ್ಲಿ ಡೇರೆ ನಿಂತಿತ್ತು. ಬಾಗಿಲ ಬಟ್ಟೆ ಸರಿಸಲು ನನ್ನ ಬೆರಳು ಒಪ್ಪುತ್ತಿರಲಿಲ್ಲ, ಒಳಗೆ ಅವರೊಬ್ಬರೇ ಇದ್ದರೆ ಅಂತ.

ಬಟ್ಟೆ ಒಳಗಿನಿಂದಲೇ ಸರಿಯಿತು. ಕೆದರಿದ ತಲೆ, ಕಣ್ಣಲ್ಲಿ ಪಿಚ್ಚು, ಗಲ್ಲದ ಮೇಲೆ ಕಂಬಳಿಯ ಗೆರೆ ಮೂಡಿದ್ದ ಒಂದು ಮುಖ ಹೊರಗೆ ಬಂತು. ನಿದ್ದೆ ಮಾಡಿ ಎದ್ದ ಮುಖ. ನಾನು ಅಲ್ಲೇ ಕೂತುಬಿಟ್ಟೆ. ಅವಳು ನನ್ನನ್ನು ನೋಡಿದಳು, ಬಿದಿರಿನ ಮೇಲಿನ ಫ್ರಾಕನ್ನು ನೋಡಿದಳು.

"ಅದು ನಂದೇನು?"

"ನಿಂದವ್ವಾ."

ಅವಳ ಹಿಂದೆ ಅಡಿವೆಪ್ಪನವರು ಎದ್ದು ಕೂತರು. ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದರು. "ಅಜ್ಜ ಕೇಳಿದ, ಇನ್ನ ಇದು ಯಾಕ ಬೇಕು ನಿಮಗ ಅಂತ. ನಾ ನಿನ್ನ ನಿಶಾನಿ ತೋರಿಸಿದೆ. ಮುದುಕ ಹೊರಗ ಬಂದು ಭಾಳ ಹೊತ್ತು ನೋಡಿದ. ತಾಯಿನ ಬಂದಂಗಾತು, ಕರಕೊಂಡು ಹೋಗು ಅಂದ," ಅಂದರು. ಆಮೇಲೆ ಮೆಲ್ಲಗೆ, "ತಪ್ಪಾತು, ಕಸ್ತೂರಿ" ಅಂದರು. ನಾನು ಅದಕ್ಕೆ ಏನೋ ಹೇಳಬೇಕೆಂದಿದ್ದೆ, ಸಾವಂತ್ರಿ ಬಿಡಲಿಲ್ಲ.

"ಅತ್ತೀ, ನಿನಗ ನಿದ್ದಿ ಬರಂಗಿಲ್ಲಂತ. ಊರಾಗಿನವರು ಅಂದ್ರು."

"ನನಗ ಬರತೈತಿ. ಇದರೊಳಗ ಒಂದು ಐತಿ ನೋಡು, ಅದಕ್ಕ ಬರಂಗಿಲ್ಲ."

ಅವಳು ಡೇರೆಯಿಂದ ಮೊಣಕಾಲೂರಿ ಬಂದು ನನ್ನ ಹೊಟ್ಟೆಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ ಬಾಯಿಯನ್ನು ಹತ್ತಿರ ತಂದು, ಹಿಂದಿನ ರಾತ್ರಿ ತನಗೆ ಯಾರೋ ಹೇಳಿದ್ದನ್ನು ಹಾಗೇ ಒಪ್ಪಿಸುವ ದನಿಯಲ್ಲಿ, ಪಿಸುಗುಟ್ಟಿದಳು:

"ಅಂಜಬ್ಯಾಡ. ಮಕ್ಕೋ. ನೀ ಏಳೂದ್ರಾಗ ಮನಿಯಾಗ ಇರ್ತಿ."